ಸತ್ಯವೇದದ ಓದು

ಕ್ರೈಸ್ತ ಮನೆಯಲ್ಲಿ ಹುಟ್ಟಿದವನಿಗೆ ನಂಬಿಕೆಯು ಮೊದಲು ಬಳುವಳಿಯಾಗಿ ಬರುತ್ತದೆ. ಅದು ಅವನ ಸ್ವಂತದ್ದಾಗುವುದು ಸತ್ಯವೇದದ ಓದಿನಿಂದ. ಆದರೆ ಎಂಥ ಓದು?

ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಕಾರ್ಥೂಸಿಯನ್ ಮಠದ ಹಿರಿಯನಾಗಿದ್ದ ಗೀಗೊ ಎಂಬಾತನು ಇದಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದನು: ಪಠನ, ಮನನ, ಪ್ರಾರ್ಥನೆ, ಧ್ಯಾನ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನವು ಅದನ್ನು ಅಗಿಯುತ್ತದೆ ಎಂಬುದು ಅವನ ಹೋಲಿಕೆ. ನಮ್ಮ 'ಮೆಲುಕು' ಎಂಬ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಹಸು ಮೇಯುವುದು ಬೇಗ, ಮೆಲುಕು ಹಾಕುವುದು ನಿಧಾನ. ಮೈಗೆ ಹತ್ತುವುದು ಮೆಲುಕು ಹಾಕಿದ ಮೇವು.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ದೃಷ್ಟಾಂತವನ್ನು ನೋಡಿ. ಆಸ್ತಿಯನ್ನು ಹಾಳುಮಾಡಿ ಮರಳಿದ ಕಿರಿಯ ಮಗನನ್ನು ತಂದೆ ಓಡಿಬಂದು ಅಪ್ಪಿಕೊಂಡ ಕಥೆ ಅನೇಕರಿಗೆ ಗೊತ್ತು. ಅವಸರದಿಂದ ಓದುವವನು ಅಲ್ಲಿಗೇ ಪುಸ್ತಕ ಮುಚ್ಚುತ್ತಾನೆ. ನಿಧಾನಿಸಿದವನಿಗೆ, ಹೊಲದಿಂದ ಬಂದು ಹಬ್ಬದ ಮನೆಯ ಹೊರಗೆ ಮುನಿಸಿಕೊಂಡು ನಿಂತ ಹಿರಿಯ ಮಗನೂ ಕಾಣುತ್ತಾನೆ. ಅವನನ್ನು ಕರೆಯಲೂ ತಂದೆಯೇ ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೆ? ಸುವಾರ್ತೆ ಹೇಳುವುದಿಲ್ಲ. ಆ ಮೌನದಲ್ಲಿ ಪ್ರಶ್ನೆಯು ಓದುಗನತ್ತ ತಿರುಗುತ್ತದೆ: ಒಡಹುಟ್ಟಿದವನನ್ನು ಕ್ಷಮಿಸದೆ ಹೊರಗೆ ನಿಂತವನು ನಾನೇ ಅಲ್ಲವೆ? ಇಲ್ಲಿ ಮನನವು ಪ್ರಾರ್ಥನೆಯಾಗುತ್ತದೆ. ಪ್ರಾರ್ಥಿಸಿದವನು ಎದ್ದುಹೋಗಿ ತಮ್ಮನ ಮನೆಯ ಬಾಗಿಲು ತಟ್ಟಿದರೆ ನಂಬಿಕೆ ಒಂದು ಗೇಣು ಬೆಳೆಯಿತು.

ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಹೊರಬಂದಿತು. ಅಂದಿನಿಂದ ಇಂಥ ಪ್ರಶ್ನೆಗಳು ನಮ್ಮ ಮಾತಿನಲ್ಲಿಯೇ ನಮ್ಮನ್ನು ತಟ್ಟುತ್ತಿವೆ. ದಿನಕ್ಕೆ ಇಷ್ಟು ಅಧ್ಯಾಯವೆಂದು ಎಣಿಸಬೇಕಾಗಿಲ್ಲ. ಮನೆಯವರು ಕೂಡಿದಾಗ ಹತ್ತು ವಚನಗಳನ್ನು ಗಟ್ಟಿಯಾಗಿ ಓದಿ, ಒಂದನ್ನು ಮನಸ್ಸಿನಲ್ಲಿರಿಸಿಕೊಂಡು ಕೆಲಸಕ್ಕೆ ಹೊರಟರೆ ಸಾಕು.