ಸಾಕುನಾಯಿಗೆ ಹಣ್ಣು: ದ್ರಾಕ್ಷಿಯ ವಿಷಯದಲ್ಲಿ ಎಚ್ಚರ

ಕೋಣನಕುಂಟೆಯ ನಮ್ಮ ಚಿಕಿತ್ಸಾಲಯಕ್ಕೆ ಬರುವ ಭಕ್ತರಲ್ಲಿ ಹಲವರ ಮನೆಗಳಲ್ಲಿ ಈಗ ನಾಯಿಗಳಿವೆ. ಪೂಜೆಯ ತರುವಾಯ ಪ್ರಸಾದದ ಹಣ್ಣಿನಲ್ಲಿ ಅದಕ್ಕೂ ಒಂದು ಪಾಲು ಕೊಡುವುದು ಪ್ರೀತಿಯ ರೂಢಿ. ಆದರೆ ಆ ಪಾಲಿನಲ್ಲಿ ದ್ರಾಕ್ಷಿಯಿದ್ದರೆ ಪ್ರೀತಿಯೇ ಪ್ರಾಣಾಪಾಯವನ್ನು ತಂದೀತು.

ಆಯುರ್ವೇದವು ದ್ರಾಕ್ಷಿಯನ್ನು ಫಲಗಳಲ್ಲಿ ಶ್ರೇಷ್ಠವೆಂದು ಪರಿಗಣಿಸಿದೆ. ಅದು ಮನುಷ್ಯ ಶರೀರವನ್ನು ಕುರಿತ ಮಾತು. ಒಬ್ಬರಿಗೆ ಸಾತ್ಮ್ಯವಾದುದು ಮತ್ತೊಬ್ಬರಿಗೆ ಅಸಾತ್ಮ್ಯವಾಗಬಹುದೆಂಬುದೂ ಅದೇ ಶಾಸ್ತ್ರದ ತತ್ತ್ವ. ದ್ರಾಕ್ಷಿ ತಿಂದ ನಾಯಿಗಳಲ್ಲಿ ಮೂತ್ರಪಿಂಡಗಳು ವಿಫಲವಾಗುವುದನ್ನು ಪಶುವೈದ್ಯರು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಗಮನಿಸಿದ್ದಾರೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶುವಿಷತಜ್ಞರು ಸೂಚಿಸಿದರು. ಹುಣಸೆಹಣ್ಣಿನಲ್ಲಿಯೂ ಈ ಆಮ್ಲ ಹೇರಳವಾಗಿದೆ.

ಆದ್ದರಿಂದ ಬೆಂಗಳೂರು ನೀಲಿ ದ್ರಾಕ್ಷಿಯಾಗಲಿ, ವಿಜಯಪುರದ ಒಣದ್ರಾಕ್ಷಿಯಾಗಲಿ ನಾಯಿಗೆ ಸಲ್ಲದು. ಒಣಗಿದಾಗ ಸಾರ ಸಾಂದ್ರವಾಗುವುದರಿಂದ ಒಣದ್ರಾಕ್ಷಿ ಇನ್ನೂ ಅಪಾಯಕರ. ದ್ರಾಕ್ಷಿ ಹಾಕಿದ ಪಾಯಸ, ಪುಳಿಯೋಗರೆ, ಮನೆಯಲ್ಲಿರುವ ದ್ರಾಕ್ಷಾರಿಷ್ಟ ಇವೂ ವರ್ಜ್ಯ. ಕೆಲವು ನಾಯಿಗಳಿಗೆ ಏನೂ ಆಗದಿರಬಹುದು. ಕೆಲವಕ್ಕೆ ನಾಲ್ಕಾರು ಕಾಳೇ ಸಾಕು. ನಿರಪಾಯವೆನ್ನಬಹುದಾದ ಪ್ರಮಾಣವೆಂಬುದಿಲ್ಲ.

ತಿಂದ ದಿನವೇ ವಾಂತಿ, ಮಂಕು, ಆಹಾರದಲ್ಲಿ ಅರುಚಿ ತೋರುತ್ತವೆ. ಒಂದರಿಂದ ಮೂರು ದಿನಗಳೊಳಗೆ ಮೂತ್ರ ಕಡಿಮೆಯಾದರೆ ಪರಿಸ್ಥಿತಿ ಗಂಭೀರ. ಲಕ್ಷಣಗಳಿಗಾಗಿ ಕಾಯದೆ, ತಿಂದದ್ದು ತಿಳಿದೊಡನೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಎಷ್ಟು, ಯಾವಾಗ ತಿಂದಿತೆಂಬುದನ್ನು ತಿಳಿಸಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ, ಅದೇ ವಿಷವಾದೀತು. ನಮ್ಮಂತಹ ಮನುಷ್ಯರ ವೈದ್ಯರನ್ನು ಕೇಳುತ್ತ ಸಮಯ ಕಳೆಯುವುದೂ ಸಲ್ಲದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಮಗೆ ನಗರದ ಇನ್ನೊಂದು ತುದಿ. ಸಮೀಪದ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು.

ಹಾಗೆಂದು ಹಣ್ಣನ್ನೇ ನಿಷೇಧಿಸಬೇಕಿಲ್ಲ. ಬಾಳೆ, ಪಪ್ಪಾಯಿ, ಕಲ್ಲಂಗಡಿ, ಸೇಬು, ಮಾವುಗಳನ್ನು ಸಿಪ್ಪೆ, ಬೀಜ ತೆಗೆದು, ಸಣ್ಣ ಹೋಳುಗಳಾಗಿ ಕೊಡಬಹುದು. ಮಾವಿನ ಓಟೆ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಯೇ ಬೇಕಾದೀತು. ಬೆಣ್ಣೆಹಣ್ಣನ್ನು ಕೊಡದಿರುವುದೇ ಕ್ಷೇಮ. ಹಣ್ಣು ಮತ್ತಿತರ ತಿನಿಸುಗಳೆಲ್ಲ ಸೇರಿ ದಿನದ ಆಹಾರಶಕ್ತಿಯ ಹತ್ತನೆಯ ಒಂದು ಭಾಗವನ್ನು ಮೀರಬಾರದು. ಮಧುಮೇಹವಿರುವ ನಾಯಿಗೆ ಪಶುವೈದ್ಯರ ಸಲಹೆಯಿಲ್ಲದೆ ಹಣ್ಣು ಕೊಡಬಾರದು.

ನಾಯಿಗೆ ಆಯ್ಕೆ ತಿಳಿಯದು. ಕೊಟ್ಟದ್ದನ್ನು ನಂಬಿ ತಿನ್ನುತ್ತದೆ. ಆ ನಂಬಿಕೆಗೆ ತಕ್ಕ ಅರಿವು ನಮ್ಮಲ್ಲಿರಲಿ. ಪ್ರಸಾದದ ತಟ್ಟೆಯಿಂದ ಅದಕ್ಕೊಂದು ಚೂರು ಬಾಳೆಹಣ್ಣು ಸಾಕು.