ಸಿದ್ದಿವಾಡೆಗೆ ಬಂದ ಪಾದ್ರಿಗಳು

ಸಾರವಾಡ, ಬಬಲೇಶ್ವರದ ಕಡೆಯವರು ವಿಜಯಪುರಕ್ಕೆ ಬೀಗರನ್ನು ಕರೆದುಕೊಂಡು ಬಂದರೆ ಗೋಳಗುಮ್ಮಟದ ಜೊತೆಗೆ ಇಬ್ರಾಹಿಂ ರೋಜಾವನ್ನೂ ತೋರಿಸುತ್ತಾರೆ. ಆ ರೋಜಾದ ಶಾಸನದಲ್ಲಿ ಮಲಿಕ್ ಸಂದಲ್ ಎಂಬ ಹೆಸರಿದೆ. ಅದರ ನಿರ್ಮಾಣದ ಹೊಣೆ ಹೊತ್ತವನು ಅವನು, ಮೂಲತಃ ಆಫ್ರಿಕಾದವನು. ಜಾಮಿ ಮಸೀದಿಯ ಮಿಹ್ರಾಬಿಗೆ ಚಿನ್ನದ ಬಣ್ಣ ಬಳಿಸಿದ ಯಾಕೂತ್ ದಾಬುಲಿಯನ್ನೂ ಹಬಶಿ, ಅಂದರೆ ಆಫ್ರಿಕಾ ಮೂಲದವನು ಎಂದೇ ಗುರುತಿಸುತ್ತಾರೆ. ಆದಿಲಶಾಹಿ ದರಬಾರಿನಲ್ಲಿ ದಿಲಾವರ್ ಖಾನ್, ಇಖ್ಲಾಸ್ ಖಾನ್, ಸಿದ್ದಿ ಮಸೂದ್‌ರಂಥ ಹಬಶಿಗಳು ರಾಜ್ಯಭಾರವನ್ನೇ ನಡೆಸಿದ್ದರು.

ಅದೇ ದರಬಾರಿಗೆ ಕೆಥೋಲಿಕ್ ಪಾದ್ರಿಗಳೂ ಬಂದಿದ್ದರು. ಒಂದನೆಯ ಅಲಿ ಆದಿಲಶಾಹ ಗೋವೆಯ ಆರ್ಚ್‌ಬಿಷಪ್ಪರಿಗೆ ಹೇಳಿಕಳಿಸಿ ವಿದ್ವಾಂಸ ಪಾದ್ರಿಗಳನ್ನು ಕರೆಸಿಕೊಂಡ. 1561ರಲ್ಲಿ ಹಾಗೆ ಬಂದವರಲ್ಲಿ ಗೊನ್ಸಾಲೊ ರೊಡ್ರಿಗಸ್ ಎಂಬ ಜೆಸ್ವಿಟ್ ಗುರು ಒಬ್ಬರು. ಅಕ್ಬರನ ಫತೇಪುರ ಸಿಕ್ರಿಗೆ ಜೆಸ್ವಿಟರು ಹೋದದ್ದು 1580ರಲ್ಲಿ. ಅದಕ್ಕೂ ಮೊದಲೇ ನಮ್ಮ ವಿಜಯಪುರ ಅವರ ಮಾತಿಗೆ ಕಿವಿಕೊಟ್ಟಿತ್ತು. ಸುಲ್ತಾನ ಕ್ರೈಸ್ತನಾಗಲಿಲ್ಲ, ಪಾದ್ರಿಗಳು ಮರಳಿ ಗೋವೆಗೆ ಹೋದರು.

ಪಾದ್ರಿಯೂ ಆಫ್ರಿಕಾ ಮೂಲದವನೂ ಮತ್ತೆ ಎದುರಾದದ್ದು ಅರಮನೆಯಲ್ಲಲ್ಲ, ಉತ್ತರ ಕನ್ನಡದ ಕಾಡಿನಲ್ಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಸಿದ್ದಿಗಳ ಚರಿತ್ರೆ ಬಹುಪಾಲು ಗೋವೆಯ ಪೋರ್ಚುಗೀಸ್ ಮನೆಗಳಿಂದ ಶುರುವಾಗುತ್ತದೆ. ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತಂದು ಮಾರಿದ ಜನ ಒಡೆಯರ ಮನೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದರು. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತೆಂದು ಸಾರಿದ್ದು 1869ರಲ್ಲಿ. ಅಷ್ಟರೊಳಗೆ ಕಾಡಿನಲ್ಲಿ ಸಿದ್ದಿವಾಡೆಗಳು ಬೇರುಬಿಟ್ಟಿದ್ದವು. ಕೆಲವರು ಹಿಂದೂಗಳಾಗಿದ್ದರು, ಕೆಲವರು ಮುಸಲ್ಮಾನರು, ಕೆಲವರು ಕೆಥೋಲಿಕರು.

ಕೆಥೋಲಿಕ್ ಸಿದ್ದಿಗಳ ವಿಷಯದಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ ಇದು. ಅವರ ಹಿರಿಯರಿಗೆ ಶಿಲುಬೆ ಬಂದದ್ದು ಪ್ರೀತಿಯಿಂದ ಬಂದ ಬೋಧಕನಿಂದಲ್ಲ, ಒಡೆಯನ ಮನೆಯಿಂದ. ಗೋವೆಯಲ್ಲಿ ಧಾರ್ಮಿಕ ಸಂಸ್ಥೆಗಳೂ ಗುಲಾಮರನ್ನು ಇಟ್ಟುಕೊಂಡಿದ್ದವು, ಜೆಸ್ವಿಟರೂ ಇದಕ್ಕೆ ಹೊರತಲ್ಲ. ಅಂಥ ಸಭೆಯ ಪಾದ್ರಿ ಇಪ್ಪತ್ತನೆಯ ಶತಮಾನದಲ್ಲಿ ಸಿದ್ದಿವಾಡೆಯ ಬಾಗಿಲಿಗೆ ಬಂದಾಗ ಅವನ ಬೆನ್ನಿಗೆ ಹಳೆಯ ಸಾಲ ಇತ್ತು. ಅದನ್ನು ಪ್ರವಚನದಿಂದ ತೀರಿಸಲು ಬರುವಂತಿರಲಿಲ್ಲ.

1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು, 1976ರಲ್ಲಿ ಅದರಿಂದ ಕಾರವಾರ ಬೇರೆಯಾಯಿತು. ಮುಂಡಗೋಡದಲ್ಲಿ ಜೆಸ್ವಿಟರು ಲೊಯೊಲಾ ವಿಕಾಸ ಕೇಂದ್ರ ಕಟ್ಟಿ ಸಿದ್ದಿ, ಲಂಬಾಣಿ, ದಲಿತ ಜನರ ನಡುವೆ ಕೆಲಸಕ್ಕಿಳಿದರು. ಕೆಲಸ ಸುಲಭದ್ದಲ್ಲ. ಸಿದ್ದಿ ಮನೆಗಳು ಒಂದೆಡೆ ಗುಂಪಾಗಿ ಇರುವುದು ಕಡಿಮೆ. ಅಡಿಕೆ ತೋಟದ ಅಂಚಿಗೆ ನಾಲ್ಕು ಮನೆ, ಗುಡ್ಡ ದಾಟಿದರೆ ಇನ್ನೆರಡು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿ ಬಂದ್, ಕಾಲಿಗೆ ಉಂಬಳ. ತೋಟದ ಧಣಿಯಿಂದ ಮುಂಗಡ ತೆಗೆದುಕೊಂಡು ಅದನ್ನು ತೀರಿಸಲು ವರ್ಷಗಟ್ಟಲೆ ದುಡಿಯುವ ಮನೆಯ ಹುಡುಗನನ್ನು ಶಾಲೆಗೆ ಕಳಿಸಿರೆಂದು ಕೇಳುವುದು ಹೇಗೆ? ಉತ್ತ ಹೊಲಕ್ಕೆ ಪಹಣಿ ಇಲ್ಲ, ಅದು ಅರಣ್ಯ ಇಲಾಖೆಯ ಜಾಗ. ಇನ್ನು ಹೊರಗಿನ ಜನರಿಗೆ ಪಾದ್ರಿ ಕಂಡರೆ ಮತಾಂತರದ ಗುಮಾನಿ. 2022ರಲ್ಲಿ ರಾಜ್ಯ ಮತಾಂತರದ ಮೇಲೆ ಕಾನೂನನ್ನೇ ತಂದ ಮೇಲೆ ಆ ಗುಮಾನಿಗೆ ಬಲ ಬಂತು.

ಸಂತೋಷಗಳೂ ದೊಡ್ಡವೇ. ಕರಾವಳಿಯ ಕೊಂಕಣಿ ಮನೆಯಿಂದ ಬಂದ ಗುರುವಿಗೆ ಕಾಡಿನ ನಡುವೆ ಆಫ್ರಿಕಾ ಚಹರೆಯ ಅಜ್ಜಿಯೊಬ್ಬಳು ಕೊಂಕಣಿಯಲ್ಲಿ ಮಾತಾಡಿಸಿದರೆ ಹೇಗಾಗಬೇಡ! ಕೆಥೋಲಿಕ್ ಸಿದ್ದಿಗಳ ಮನೆಮಾತು ಕೊಂಕಣಿಯೇ, ಧಾಟಿ ಮಾತ್ರ ಅವರದು. ಹಬ್ಬದ ರಾತ್ರಿ ಡಮಾಮಿ ಬಡಿಯಲು ಕೂತರೆ ಹೆಂಗಸರು, ಗಂಡಸರು, ಮಕ್ಕಳು ಬೆಳಗಿನವರೆಗೆ ಕುಣಿಯುತ್ತಾರೆ. ಹರಿದ ಸೀರೆಗಳ ತುಂಡು ಜೋಡಿಸಿ ಹೊಲಿಯುವ ಕೌದಿಯಲ್ಲಿ ಸಿದ್ದಿ ಹೆಂಗಸರ ಕೈಚಳಕ ಬೇರೆಯೇ. ಹಿರಿಯರ ಪೂಜೆ ಬಂತೆಂದರೆ ಮೂರು ಧರ್ಮದ ಸಿದ್ದಿಗಳಿಗೂ ಸತ್ತ ಹಿರಿಯರು ಒಂದೇ. ಕಟ್ಟುನಿಟ್ಟಿನ ಪಾದ್ರಿಗೆ ಇದು ತೊಡಕಿನ ವಿಷಯ. ಆದರೆ ಈ ಜನರನ್ನು ಒಂದು ಮಾಡಿರುವುದೇ ಅದು ಎಂದು ತಿಳಿದ ಪಾದ್ರಿಗೆ ಮುಂದಿನ ದಾರಿಯೂ ಅಲ್ಲಿಯೇ ಸಿಕ್ಕಿತು.

ಆ ದಾರಿ ತೆರೆದದ್ದು ಒಂದು ವರದಿಯಿಂದ. 1984ರಲ್ಲಿ ಸಿಪ್ರಿಯನ್ ಲೋಬೊ ಅವರು ಕರ್ನಾಟಕದ ಸಿದ್ದಿಗಳ ಬಗ್ಗೆ ಒಂದು ಅಧ್ಯಯನ ಬರೆದರು, ಬೆಂಗಳೂರಿನ ಜೆಸ್ವಿಟರ ‘ಆಶೀರ್ವಾದ’ ಕೇಂದ್ರದಿಂದ ಅದು ಹೊರಬಂತು. ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಬೇಕು ಎಂಬ ವಾದವನ್ನು ಅದರ ಶೀರ್ಷಿಕೆಯಲ್ಲೇ ಇಟ್ಟಿದ್ದರು. ಈ ಬೇಡಿಕೆಯ ಹಿಂದಿನ ಲೆಕ್ಕವನ್ನು ಗಮನಿಸಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರು, ಮುಸಲ್ಮಾನರು ಪರಿಶಿಷ್ಟ ಜಾತಿಗೆ ಸೇರಲು ಬರುವುದಿಲ್ಲ. ಪರಿಶಿಷ್ಟ ಪಂಗಡಕ್ಕೆ ಅಂಥ ತಡೆ ಇಲ್ಲ. ಅಂದರೆ ಮೂರೂ ಧರ್ಮದ ಸಿದ್ದಿಗಳು ಒಟ್ಟಿಗೆ ಹೋಗಬಹುದಾದ ಬಾಗಿಲು ಇದೊಂದೇ. ಕೆಥೋಲಿಕರಿಗೆ ಮಾತ್ರ ಏನಾದರೂ ಕೇಳಿದ್ದರೆ ಸಿದ್ದಿವಾಡೆಯೇ ಒಡೆಯುತ್ತಿತ್ತು. ದೀಕ್ಷಾಸ್ನಾನದ ದಫ್ತರವನ್ನು ಬದಿಗಿಟ್ಟು ಇಡೀ ಜನಾಂಗಕ್ಕಾಗಿ ಕೇಳಿದ್ದು ಈ ಮಿಷನ್ ಮಾಡಿದ ಅತ್ಯಂತ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ. ಹಳೆಯ ಸಾಲದಲ್ಲಿ ಸ್ವಲ್ಪವಾದರೂ ತೀರಿದ್ದರೆ ಅದು ಇಲ್ಲಿ ತೀರಿತು.

ಪಾದ್ರಿಗಳೇ ಎಲ್ಲ ಮಾಡಿದರು ಎನ್ನಬಾರದು. ಸಿದ್ದಿಗಳು ತಾವೇ ಸಂಘ ಕಟ್ಟಿದರು, ಅರ್ಜಿ ಹಿಡಿದು ಬೆಂಗಳೂರಿಗೆ ಓಡಾಡಿದರು, ಅವರ ಹುಡುಗ ಹುಡುಗಿಯರು ಓಟದ ಮೈದಾನದಲ್ಲಿ ಹೆಸರು ಮಾಡಿ ನಾಡಿನ ಕಣ್ಣು ತಮ್ಮತ್ತ ತಿರುಗಿಸಿದರು. 2003ರ ಜನವರಿಯಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪಟ್ಟಿ ಸೇರಿದರು. ಜಿಲ್ಲೆಯ ಗಡಿ ದಾಟಿದ ಧಾರವಾಡ, ಬೆಳಗಾವಿಯ ಸಿದ್ದಿಗಳಿಗೆ ಅದೇ ಹಕ್ಕು ಸಿಗಲು 2020ರವರೆಗೆ ಕಾಯಬೇಕಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪಂಗಡದವರಿಗೂ ಇತರರಿಗೂ ಷರತ್ತು ಬೇರೆ. ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು. ಪಂಗಡದವರು 2005ರ ಡಿಸೆಂಬರ್ 13ಕ್ಕೂ ಮೊದಲು ಆ ಜಾಗದಲ್ಲಿದ್ದುದನ್ನು ತೋರಿಸಿದರೆ ಸಾಕು. ಕಾಗದವೇ ಇಲ್ಲದ ಮನೆಗೆ ಇದರ ಬೆಲೆ ಎಷ್ಟೆಂದು ಹೊಲ ಇದ್ದವರಿಗೆ ಗೊತ್ತು.

ನಮ್ಮ ಜಿಲ್ಲೆಯ ಸ್ಥಿತಿ ಬೇರೆ. ವಿಜಯಪುರ ಈಗ 2005ರಲ್ಲಿ ಸ್ಥಾಪನೆಯಾದ ಕಲಬುರ್ಗಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ತಾಂಡಾದ ಲಂಬಾಣಿಗಳು, ಕೇರಿಯ ಮಾದಿಗರು ಇಲ್ಲಿ ಪರಿಶಿಷ್ಟ ಜಾತಿಯವರು. ಕ್ರೈಸ್ತನಾದವನಿಗೆ ಆ ಸವಲತ್ತು ಹೋಗುತ್ತದೆ, ಬಡತನ ಹೋಗುವುದಿಲ್ಲ, ಊರಿನವರ ನಡವಳಿಕೆಯೂ ಬದಲಾಗುವುದಿಲ್ಲ. ಮುಂಡಗೋಡದಲ್ಲಿ ತೆರೆದ ಬಾಗಿಲು ಇಲ್ಲಿಯ ಪಾದ್ರಿಗೆ ಇಲ್ಲ. ಮತಾಂತರಗೊಂಡ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಕೊಡಬಹುದೇ ಎಂದು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ನಮ್ಮ ಡೋಣಿ ಸೀಮೆಯ ಕ್ರೈಸ್ತ ದಲಿತ ಮನೆಗಳು ಕೇಳುತ್ತಿರುವುದೂ ಅದೇ ಪ್ರಶ್ನೆಯನ್ನು.