ಅಮೆರಿಕದ ಜ್ಯೂರಿ ತೀರ್ಪು: ಮೇಲ್ಮನವಿಯಲ್ಲಿ ದೊರೆಯುವ ಪರಿಹಾರವೆಷ್ಟು?

ಸಿದ್ಧ ಉಡುಪು, ಗ್ರಾನೈಟ್, ಯಂತ್ರದ ಬಿಡಿಭಾಗ, ವಿದ್ಯುತ್ ಉಪಕರಣ ಮುಂತಾದ ಸರಕುಗಳನ್ನು ಅಮೆರಿಕಕ್ಕೆ ರಫ್ತು ಮಾಡುವ ಉದ್ಯಮಿಗಳು ಕರ್ನಾಟಕದಲ್ಲಿ ಅನೇಕರಿದ್ದಾರೆ. ಸರಕಿನೊಡನೆ ಆ ದೇಶದ ಕಾನೂನಿನ ಹೊಣೆಯೂ ಅವರಿಗೆ ಅಂಟಿಕೊಂಡು ಬರುತ್ತದೆ. ಮಾಲು ದೋಷಯುಕ್ತವೆಂದೋ, ಕರಾರು ಉಲ್ಲಂಘನೆಯಾಗಿದೆಯೆಂದೋ ಅಲ್ಲಿ ದಾವೆ ಹೂಡಿದಾಗ, ಪಕ್ಷಗಾರರಲ್ಲಿ ಒಬ್ಬರು ಸಕಾಲದಲ್ಲಿ ಕೋರಿಕೊಂಡರೆ, ಹಣದ ಪರಿಹಾರ ಕೇಳುವ ಬಹುತೇಕ ದಾವೆಗಳಲ್ಲಿ ಸಂಗತಿಗಳನ್ನು ತೀರ್ಮಾನಿಸುವವರು ಸಾಮಾನ್ಯ ನಾಗರಿಕರಿಂದ ಆಯ್ದ ಜ್ಯೂರಿಯ ಸದಸ್ಯರು. ಫೆಡರಲ್ ನ್ಯಾಯಾಲಯಗಳಲ್ಲಿ ಸಿವಿಲ್ ಜ್ಯೂರಿಯ ಸದಸ್ಯರ ಸಂಖ್ಯೆ ಆರಕ್ಕಿಂತ ಕಡಿಮೆಯಿರದೆ, ಹನ್ನೆರಡನ್ನು ಮೀರದೆ ಇರಬೇಕು. ಪಕ್ಷಗಾರರು ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ ತೀರ್ಪು ಸರ್ವಾನುಮತದ್ದಾಗಿರಬೇಕು.

ಇಂತಹ ತೀರ್ಪು ಪ್ರತಿಕೂಲವಾಗಿ ಬಂದರೆ ಮೇಲ್ಮನವಿ ಇದ್ದೇ ಇದೆ ಎಂಬ ಧೈರ್ಯ ಇಲ್ಲಿನ ವ್ಯಾಪಾರಿಗೆ ಸಹಜವಾದುದು. ಆದರೆ ಅಮೆರಿಕದ ಮೇಲ್ಮನವಿಯ ಸ್ವರೂಪವೇ ಬೇರೆ. ಅದನ್ನು ಅರಿಯದೆ ವಿಚಾರಣೆಯ ಹಂತದಲ್ಲಿ ಉದಾಸೀನರಾದವರು ಮೇಲಿನ ನ್ಯಾಯಾಲಯದಲ್ಲಿ ಹೇಳಿಕೊಳ್ಳಬಹುದಾದ ಮಾತನ್ನೂ ಕಳೆದುಕೊಳ್ಳುವ ಸಂಭವವಿದೆ.

ಎರಡು ಪದ್ಧತಿಗಳ ಅಂತರ

ಭಾರತದಲ್ಲಿ ವಾಣಿಜ್ಯ ದಾವೆಗಳಿಗೆ ಜ್ಯೂರಿ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಪ್ರಕರಣದಂತೆ ಸಲ್ಲಿಸುವ ಪ್ರಥಮ ಮೇಲ್ಮನವಿಯಲ್ಲಿ ಕಾನೂನಿನ ಪ್ರಶ್ನೆಗಳೊಡನೆ ಸಂಗತಿಗಳೂ ಮರುಪರಿಶೀಲನೆಗೆ ಒಳಪಡುತ್ತವೆ. ಸಾಕ್ಷ್ಯವನ್ನು ಹೊಸದಾಗಿ ತೂಗಿ ನೋಡಿ ಬೇರೆ ನಿರ್ಣಯಕ್ಕೆ ಬರುವ ಅಧಿಕಾರ ಆ ನ್ಯಾಯಾಲಯಕ್ಕಿದೆ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಏಳನೇ ತಿದ್ದುಪಡಿಯು ಫೆಡರಲ್ ನ್ಯಾಯಾಲಯಗಳಲ್ಲಿ ಇದಕ್ಕೆ ತಡೆಯೊಡ್ಡಿದೆ. ಜ್ಯೂರಿಯು ತೀರ್ಮಾನಿಸಿದ ಸಂಗತಿಯನ್ನು ಸಾಮಾನ್ಯ ಕಾನೂನಿನ ನಿಯಮಗಳಿಗನುಗುಣವಾಗಿ ಹೊರತು ಬೇರೆ ಬಗೆಯಲ್ಲಿ ಮರುಪರಿಶೀಲಿಸಕೂಡದೆಂಬುದು ಅದರ ಸಾರ. ಆದ್ದರಿಂದ ಯಾವ ಸಾಕ್ಷಿ ನಂಬಿಕೆಗೆ ಅರ್ಹ, ಯಾರ ವಾದ ಹೆಚ್ಚು ಸಮಂಜಸ ಎಂಬ ಚರ್ಚೆಗೆ ಮೇಲ್ಮನವಿ ನ್ಯಾಯಾಲಯ ಇಳಿಯುವುದಿಲ್ಲ. ರಾಜ್ಯ ನ್ಯಾಯಾಲಯಗಳು ತಮ್ಮದೇ ಆದ ನಿಯಮಗಳನ್ನು ಅನುಸರಿಸುತ್ತವೆ. ಆದರೆ ಅಮೆರಿಕದ ಪ್ರಜೆಗೂ ವಿದೇಶಿ ಸಂಸ್ಥೆಗೂ ನಡುವಣ ವಿವಾದದ ಮೊತ್ತ 75,000 ಡಾಲರುಗಳನ್ನು ಮೀರಿದರೆ ಅದು ಸಾಮಾನ್ಯವಾಗಿ ಫೆಡರಲ್ ನ್ಯಾಯಾಲಯದ ವ್ಯಾಪ್ತಿಗೆ ಬರುವುದರಿಂದ, ರಫ್ತುದಾರರಿಗೆ ಫೆಡರಲ್ ಪದ್ಧತಿಯ ಪರಿಚಯ ಅವಶ್ಯಕ.

ವಿಚಾರಣಾ ನ್ಯಾಯಾಲಯದಲ್ಲೇ ಸಲ್ಲಿಸಬೇಕಾದ ಅರ್ಜಿಗಳು

ಜ್ಯೂರಿ ತೀರ್ಪಿನಿಂದ ಬಾಧಿತನಾದ ಪಕ್ಷಗಾರನಿಗೆ ಮುಖ್ಯವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು, ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಾವಳಿಯ 50ನೇ ನಿಯಮದ ಅರ್ಜಿ. ಎದುರಾಳಿಯ ಪರ ತೀರ್ಪು ನೀಡಲು ವಿವೇಕಯುತ ಜ್ಯೂರಿಗೆ ಸಾಕಾಗುವಷ್ಟು ಸಾಕ್ಷ್ಯವೇ ಇಲ್ಲವಾದುದರಿಂದ ಕಾನೂನಿನ ಪ್ರಕಾರ ತನ್ನ ಪರವಾಗಿ ಆದೇಶವಾಗಬೇಕೆಂದು ಇದರಲ್ಲಿ ಕೋರಲಾಗುತ್ತದೆ. ಈ ಅರ್ಜಿಯನ್ನು ಪ್ರಕರಣವು ಜ್ಯೂರಿಯ ಕೈಸೇರುವ ಮುನ್ನ ಒಮ್ಮೆ ಸಲ್ಲಿಸಿ, ತೀರ್ಪಿನ ನಂತರ ಮತ್ತೊಮ್ಮೆ ನವೀಕರಿಸಬೇಕು.

ಎರಡನೆಯದು, 59ನೇ ನಿಯಮದಂತೆ ಹೊಸ ವಿಚಾರಣೆಗೆ ಅರ್ಜಿ. ತೀರ್ಪು ಸಾಕ್ಷ್ಯದ ಭಾರಕ್ಕೆ ವಿರುದ್ಧವಾಗಿದೆ, ಪರಿಹಾರದ ಮೊತ್ತ ವಿಪರೀತವಾಗಿದೆ, ಅಥವಾ ಜ್ಯೂರಿಗೆ ತಪ್ಪು ಸೂಚನೆ ನೀಡಲಾಗಿದೆ ಎಂಬ ಕಾರಣಗಳು ಇಲ್ಲಿ ಸಲ್ಲುತ್ತವೆ. ಮೊದಲನೆಯ ಅರ್ಜಿಯಲ್ಲಿ ನ್ಯಾಯಾಧೀಶರು ಸಾಕ್ಷ್ಯವನ್ನು ತೂಗುವಂತಿಲ್ಲ. ಎರಡನೆಯದರಲ್ಲಿ ತೂಗಬಹುದು. ಆದರೆ ಎರಡನೆಯದರ ಫಲ ಗೆಲುವಲ್ಲ, ಇನ್ನೊಂದು ವಿಚಾರಣೆ ಮಾತ್ರ.

ಮೇಲ್ಮನವಿಯ ಅಳತೆಗೋಲುಗಳು

50ನೇ ನಿಯಮದ ಆದೇಶವನ್ನು ಮೇಲ್ಮನವಿ ನ್ಯಾಯಾಲಯ ಹೊಸದಾಗಿ ಪರಿಶೀಲಿಸುತ್ತದೆಯಾದರೂ, ಸಾಕ್ಷ್ಯದಿಂದ ಹೊರಡುವ ಎಲ್ಲ ಸಮಂಜಸ ಊಹೆಗಳನ್ನು ಜ್ಯೂರಿಯಲ್ಲಿ ಗೆದ್ದವರ ಪರವಾಗಿಯೇ ತೆಗೆದುಕೊಳ್ಳಬೇಕು. 2000ದ ರೀವ್ಸ್ ವಿರುದ್ಧ ಸ್ಯಾಂಡರ್ಸನ್ ಪ್ಲಂಬಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತತ್ತ್ವವನ್ನು ಸ್ಪಷ್ಟಪಡಿಸಿ, ಜ್ಯೂರಿಯ ತೀರ್ಪನ್ನು ತಳ್ಳಿಹಾಕಿದ್ದ ಮೇಲ್ಮನವಿ ನ್ಯಾಯಾಲಯದ ಆದೇಶವನ್ನು ರದ್ದುಪಡಿಸಿತು.

ಹೊಸ ವಿಚಾರಣೆಯ ವಿಷಯದಲ್ಲಿ ಅವಕಾಶ ಇನ್ನೂ ಕಿರಿದು. ಸಾಕ್ಷಿಗಳನ್ನು ಕಣ್ಣಾರೆ ಕಂಡು, ಅವರ ಮಾತನ್ನು ಕಿವಿಯಾರೆ ಕೇಳಿದವರು ವಿಚಾರಣಾ ನ್ಯಾಯಾಧೀಶರು. ಹೀಗಾಗಿ ಅವರು ಅರ್ಜಿಯನ್ನು ತಿರಸ್ಕರಿಸಿದರೆ, ವಿವೇಚನಾಧಿಕಾರದ ದುರುಪಯೋಗವಾಗಿದೆಯೇ ಎಂಬುದನ್ನಷ್ಟೇ ಮೇಲಿನವರು ನೋಡುತ್ತಾರೆ. ಅರ್ಜಿ ಪುರಸ್ಕೃತವಾದರೆ, ಗೆದ್ದಿದ್ದ ಪಕ್ಷಗಾರನಿಗೂ ಸಂಕಷ್ಟವೇ. ಆ ಆದೇಶ ಅಂತಿಮವಲ್ಲದ ಕಾರಣ ಸಾಮಾನ್ಯವಾಗಿ ಕೂಡಲೇ ಮೇಲ್ಮನವಿ ಸಲ್ಲದು. ಎರಡನೆಯ ವಿಚಾರಣೆ ಮುಗಿದ ಮೇಲೆಯೇ ಅದನ್ನು ಪ್ರಶ್ನಿಸಬಹುದು.

ಎರಡು ಕಂಪನಿಗಳ ಅನುಭವ

ಸಕಾಲದ ಅರ್ಜಿಯ ಬೆಲೆಯನ್ನು ಎರಡು ಪ್ರಕರಣಗಳು ತೋರುತ್ತವೆ. ಮನೆಯೊಂದರಲ್ಲಿ 1993ರಲ್ಲಿ ಸಂಭವಿಸಿದ ಬೆಂಕಿಗೆ ವಿದ್ಯುತ್ ಹೀಟರಿನ ದೋಷವೇ ಕಾರಣವೆಂದು ಅದರ ತಯಾರಕರಾದ ಮಾರ್ಲಿ ಕಂಪನಿಯ ಮೇಲೆ ದಾವೆಯಾಯಿತು. ಜ್ಯೂರಿ ಮೃತಳ ಕುಟುಂಬಕ್ಕೆ 5,00,000 ಡಾಲರು ಪರಿಹಾರ ವಿಧಿಸಿತು. ಕಂಪನಿಯು ತೀರ್ಪಿಗೆ ಮುನ್ನವೂ ನಂತರವೂ ಅರ್ಜಿ ಸಲ್ಲಿಸಿತ್ತು. ತಜ್ಞರ ಸಾಕ್ಷ್ಯ ಅಂಗೀಕಾರಾರ್ಹವಲ್ಲ, ಅದನ್ನು ಬಿಟ್ಟರೆ ಉಳಿದ ಸಾಕ್ಷ್ಯ ಸಾಲದು ಎಂದ ಮೇಲ್ಮನವಿ ನ್ಯಾಯಾಲಯ ಹೊಸ ವಿಚಾರಣೆಗೂ ಕಳುಹಿಸದೆ ಕಂಪನಿಯ ಪರ ಆದೇಶಿಸಿತು. 2000ದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಮತ್ತೊಂದು, 2006ರಲ್ಲಿ ನಿರ್ಣಯವಾದ ಯೂನಿಥರ್ಮ್ ವಿರುದ್ಧ ಸ್ವಿಫ್ಟ್-ಎಕ್‌ರಿಚ್ ಪ್ರಕರಣ. ಬೇಯಿಸಿದ ಮಾಂಸಕ್ಕೆ ಕಂದುಬಣ್ಣ ಬರಿಸುವ ವಿಧಾನದ ಪೇಟೆಂಟಿಗೆ ಸಂಬಂಧಿಸಿದ ವ್ಯಾಜ್ಯದಲ್ಲಿ ಸ್ವಿಫ್ಟ್-ಎಕ್‌ರಿಚ್ ಸಂಸ್ಥೆ ಸ್ಪರ್ಧಾ ಕಾನೂನನ್ನು ಉಲ್ಲಂಘಿಸಿದೆಯೆಂದು ಜ್ಯೂರಿ ತೀರ್ಮಾನಿಸಿತು. ತೀರ್ಪಿಗೆ ಮುನ್ನ ಅರ್ಜಿ ಹಾಕಿದ್ದ ಈ ಸಂಸ್ಥೆ ನಂತರ ಅದನ್ನು ನವೀಕರಿಸಲಿಲ್ಲ, ಹೊಸ ವಿಚಾರಣೆಯನ್ನೂ ಕೋರಲಿಲ್ಲ. ಸಾಕ್ಷ್ಯ ಸಾಲದೆಂದು ಮೇಲ್ಮನವಿ ನ್ಯಾಯಾಲಯ ಅಭಿಪ್ರಾಯಪಟ್ಟು ಹೊಸ ವಿಚಾರಣೆಗೆ ಆದೇಶಿಸಿದ್ದರೂ, ಅರ್ಜಿಯೇ ಇಲ್ಲದಿರುವಾಗ ಆ ಪ್ರಶ್ನೆಯನ್ನು ಪರಿಶೀಲಿಸಲು ಆಧಾರವಿಲ್ಲವೆಂದು ಸುಪ್ರೀಂ ಕೋರ್ಟ್ ಆದೇಶವನ್ನು ತಳ್ಳಿಹಾಕಿತು. ವಿಚಾರಣೆಗೆ ಮುನ್ನವೇ ಇತ್ಯರ್ಥವಾದ ಶುದ್ಧ ಕಾನೂನಿನ ಪ್ರಶ್ನೆಗೆ ಇಂತಹ ಅರ್ಜಿ ಬೇಕಿಲ್ಲವೆಂದು 2023ರ ಡುಪ್ರೀ ವಿರುದ್ಧ ಯಂಗರ್ ತೀರ್ಪು ಹೇಳಿದೆ. ಸಾಕ್ಷ್ಯದ ಕೊರತೆಯ ವಾದಕ್ಕೆ ಆ ವಿನಾಯಿತಿ ಅನ್ವಯಿಸದು.

ಪರಿಹಾರದ ಮೊತ್ತ

ಮೊತ್ತ ಅತಿಯಾಯಿತೆಂದು ಕಂಡಾಗ, ಕಡಿಮೆ ಮೊತ್ತವನ್ನು ಒಪ್ಪು ಇಲ್ಲವೇ ಹೊಸ ವಿಚಾರಣೆ ಎದುರಿಸು ಎಂಬ ಆಯ್ಕೆಯನ್ನು ನ್ಯಾಯಾಧೀಶರು ವಾದಿಯ ಮುಂದಿಡಬಹುದು. 1996ರ ಗ್ಯಾಸ್ಪರೀನಿ ಪ್ರಕರಣದಲ್ಲಿ ಛಾಯಾಗ್ರಾಹಕರೊಬ್ಬರ 300 ಸ್ಲೈಡುಗಳನ್ನು ಕಳೆದುದಕ್ಕಾಗಿ ತಲಾ 1,500 ಡಾಲರಿನಂತೆ 4,50,000 ಡಾಲರು ನೀಡಬೇಕೆಂದು ಜ್ಯೂರಿ ಹೇಳಿತು. ಮೇಲ್ಮನವಿ ನ್ಯಾಯಾಲಯ ಅದನ್ನು 1,00,000ಕ್ಕೆ ಇಳಿಸಲು ಹೊರಟಿತು. ನ್ಯೂಯಾರ್ಕ್ ಕಾನೂನಿನಂತೆ ಮೊತ್ತದ ಪರೀಕ್ಷೆ ಮೊದಲು ವಿಚಾರಣಾ ನ್ಯಾಯಾಧೀಶರದು, ಮೇಲಿನವರದು ಸೀಮಿತ ಪರಿಶೀಲನೆ ಮಾತ್ರ ಎಂದು ಸುಪ್ರೀಂ ಕೋರ್ಟ್ ನಿರ್ಣಯಿಸಿತು.

ದಂಡನಾತ್ಮಕ ಪರಿಹಾರದ ವಿಷಯದಲ್ಲಿ ಮಾತ್ರ ಮೇಲ್ಮನವಿಯ ಬಾಗಿಲು ಅಗಲವಾಗಿದೆ. ಕೈಯುಪಕರಣದ ಜಾಹೀರಾತಿನಲ್ಲಿ ಪ್ರತಿಸ್ಪರ್ಧಿಯಾದ ಲೆದರ್‌ಮನ್ ಸಂಸ್ಥೆಯ ಉಪಕರಣದ ಚಿತ್ರವನ್ನೇ ತಿದ್ದಿ ಬಳಸಿದ್ದ ಕೂಪರ್ ಇಂಡಸ್ಟ್ರೀಸ್ ಮೇಲೆ ಜ್ಯೂರಿಯು 50,000 ಡಾಲರು ನಷ್ಟಪರಿಹಾರ ಮತ್ತು 45 ಲಕ್ಷ ಡಾಲರು ದಂಡನಾತ್ಮಕ ಪರಿಹಾರ ವಿಧಿಸಿತು. ಅಂತಹ ಮೊತ್ತ ಸಂವಿಧಾನದ ಮಿತಿಯನ್ನು ಮೀರಿದೆಯೇ ಎಂಬುದನ್ನು ಮೇಲ್ಮನವಿ ನ್ಯಾಯಾಲಯ ಹೊಸದಾಗಿಯೇ ಪರಿಶೀಲಿಸಬೇಕೆಂದು 2001ರಲ್ಲಿ ತೀರ್ಮಾನವಾಯಿತು. ಮರುವರ್ಷ ಆ ಮೊತ್ತ 5 ಲಕ್ಷ ಡಾಲರಿಗೆ ಇಳಿಯಿತು.

ಗಡುವು ಮತ್ತು ಭದ್ರತೆ

ಡಿಕ್ರಿ ದಾಖಲಾದ 28 ದಿನಗಳೊಳಗೆ 50 ಮತ್ತು 59ನೇ ನಿಯಮಗಳ ಅರ್ಜಿಗಳನ್ನು ಸಲ್ಲಿಸಬೇಕು. 2009ರವರೆಗೆ ಈ ಗಡುವು 10 ದಿನಗಳಿತ್ತು. ಈ ಅವಧಿಯನ್ನು ವಿಸ್ತರಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ. ಮೇಲ್ಮನವಿಯ ನೋಟೀಸಿಗೆ 30 ದಿನಗಳ ಅವಧಿಯಿದ್ದು, ಸಕಾಲದಲ್ಲಿ ಅರ್ಜಿ ಸಲ್ಲಿಸಿದ್ದರೆ ಅದರ ವಿಲೇವಾರಿಯ ದಿನದಿಂದ ಎಣಿಕೆಯಾಗುತ್ತದೆ. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಹಣದ ವಸೂಲಿ ನಿಲ್ಲುವುದಿಲ್ಲ. ಆರಂಭದ 30 ದಿನಗಳು ತಾನಾಗಿ ತಡೆಯಿರುತ್ತದೆ. ನಂತರದ ತಡೆಗೆ ಬಾಂಡು ಅಥವಾ ಬೇರೆ ಭದ್ರತೆ ಒದಗಿಸಬೇಕು. ಸಣ್ಣ ತಯಾರಕರಿಗೆ ಇದೇ ದೊಡ್ಡ ಹೊರೆಯಾಗಬಹುದು.

ಭಾರತದಲ್ಲಿ ಜಾರಿ

ಅಮೆರಿಕವು 44ಎ ಪ್ರಕರಣದ ಪರಸ್ಪರ ಮಾನ್ಯತೆಯ ದೇಶಗಳಲ್ಲಿ ಸೇರಿಲ್ಲವಾದುದರಿಂದ ಅಲ್ಲಿನ ಡಿಕ್ರಿಯನ್ನು ಇಲ್ಲಿ ನೇರವಾಗಿ ಜಾರಿಗೊಳಿಸಲಾಗದು. ಅದನ್ನು ಆಧಾರವಾಗಿಟ್ಟು ಮೂರು ವರ್ಷಗಳೊಳಗೆ ಇಲ್ಲಿ ದಾವೆ ಹೂಡಬೇಕಾಗುತ್ತದೆ. ವಂಚನೆ, ಸಹಜ ನ್ಯಾಯದ ಉಲ್ಲಂಘನೆ ಮುಂತಾದ 13ನೇ ಪ್ರಕರಣದ ಆಕ್ಷೇಪಣೆಗಳನ್ನು ಆಗ ಎತ್ತಬಹುದು. ಆದರೆ ಜ್ಯೂರಿ ಸಾಕ್ಷ್ಯವನ್ನು ತಪ್ಪಾಗಿ ತೂಗಿತೆಂಬುದು ಅವುಗಳಲ್ಲಿಲ್ಲ. ಅಲ್ಲದೆ ಅಮೆರಿಕದಲ್ಲಿರುವ ಗೋದಾಮಿನ ದಾಸ್ತಾನು, ಗ್ರಾಹಕರಿಂದ ಬರಬೇಕಾದ ಬಾಕಿ ಇವು ಅಲ್ಲಿಯೇ ಜಪ್ತಿಗೆ ಗುರಿಯಾಗಬಹುದು.

ಆದುದರಿಂದ ರಫ್ತುದಾರರು ಕರಾರಿನ ಹಂತದಲ್ಲಿಯೇ ಎಚ್ಚರ ವಹಿಸುವುದು ಲೇಸು. ಖರೀದಿದಾರರೊಡನೆ ಮಧ್ಯಸ್ಥಿಕೆಯ ಷರತ್ತನ್ನು ಸೇರಿಸಿಕೊಂಡರೆ ಅವರೊಡನೆ ಉಂಟಾಗುವ ವಿವಾದ ಜ್ಯೂರಿಯ ಮುಂದೆ ಹೋಗದಂತೆ ನೋಡಿಕೊಳ್ಳಬಹುದು. ಕರಾರಿಗೆ ಸಹಿಹಾಕದ ಬಳಕೆದಾರರನ್ನು ಅದು ಸಾಮಾನ್ಯವಾಗಿ ಬಂಧಿಸದು. ಅವರ ದಾವೆಗೆ ಉತ್ಪನ್ನ ಹೊಣೆಗಾರಿಕೆಯ ವಿಮೆಯೇ ಆಸರೆ. ದಾವೆ ವಿಚಾರಣೆಗೆ ಬಂದಾಗ, ಮೇಲ್ಮನವಿಯ ದೃಷ್ಟಿಯಿಂದ ಆಕ್ಷೇಪಣೆಗಳನ್ನೂ ಅರ್ಜಿಗಳನ್ನೂ ದಾಖಲೆಗೆ ತಂದಿರುವಿರಾ ಎಂದು ವಕೀಲರನ್ನು ವಿಚಾರಣೆ ನಡೆಯುತ್ತಿರುವಾಗಲೇ ಕೇಳಿ ತಿಳಿಯಬೇಕು. ತೀರ್ಪಿನ ನಂತರ ಕೈಯಲ್ಲಿ ಉಳಿಯುವುದು 28 ದಿನಗಳು ಮಾತ್ರ.